ಉತ್ತರ ಕನ್ನಡದ ವಿದ್ಯುತ್ ಸ್ಥಾವರಗಳು: ನಿರ್ಮಾಣ ವೆಚ್ಚದ ಏರಿಕೆ ಮತ್ತು ಅದರ ಪರಿಶೀಲನೆಯ ಚರಿತ್ರೆ

1

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳು ಉತ್ತರ ಕನ್ನಡ ಜಿಲ್ಲೆಯ ಕರಾವಳಿಯ ದಕ್ಷಿಣ ಭಾಗದಲ್ಲಿವೆ. ಶರಾವತಿಯು ಹೊನ್ನಾವರದಲ್ಲಿಯೂ ಅಘನಾಶಿನಿಯು ಕುಮಟಾ ತಾಲ್ಲೂಕಿನ ತದಡಿಯ ಬಳಿಯೂ ಸಮುದ್ರವನ್ನು ಸೇರುತ್ತವೆ. ಜಿಲ್ಲೆಯ ಉತ್ತರದ ಅಂಚಿನಲ್ಲಿ ಕಾಳಿ ನದಿ ಹರಿಯುತ್ತದೆ. ಕಳೆದ ಎಂಟು ದಶಕಗಳಲ್ಲಿ ಈ ನದಿಗಳ ದಂಡೆಯಲ್ಲಿ ಜಲವಿದ್ಯುತ್ ಸ್ಥಾವರಗಳೂ ಒಂದು ಅಣುವಿದ್ಯುತ್ ಸ್ಥಾವರವೂ ತಲೆಯೆತ್ತಿವೆ. 2002ರಿಂದ ಈ ತಾಲ್ಲೂಕುಗಳಿಗೆ ವಿದ್ಯುತ್ ಒದಗಿಸುತ್ತಿರುವುದು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಹೆಸ್ಕಾಂ. ಭಟ್ಕಳದ ಒಂದು ಸಾಮಾನ್ಯ ಮನೆಗೆ ತಿಂಗಳಿಗೊಮ್ಮೆ ಬರುವ ಬಿಲ್ಲಿನಲ್ಲಿ ಆ ತಿಂಗಳು ಉರಿದ ದೀಪದ ಬೆಲೆಯಷ್ಟೇ ಇರುವುದಿಲ್ಲ. ಹಲವು ವರ್ಷಗಳ ಹಿಂದೆ ಎಲ್ಲಿಯೋ ಸುರಿದ ಕಾಂಕ್ರೀಟಿನ ಬೆಲೆ, ತಡವಾಗಿ ಬಂದ ಯಂತ್ರದ ಬೆಲೆ, ಸಾಲದ ಬಡ್ಡಿ ಇವೆಲ್ಲವೂ ಅದರಲ್ಲಿ ಅಡಗಿರುತ್ತವೆ.

ಸ್ಥಾವರಗಳ ನಿರ್ಮಾಣ ವೆಚ್ಚ ಏಕೆ ಏರುತ್ತದೆ ಎಂಬ ಪ್ರಶ್ನೆಯನ್ನು ಎಂಜಿನಿಯರರೂ ಅರ್ಥಶಾಸ್ತ್ರಜ್ಞರೂ ಸಾಕಷ್ಟು ಚರ್ಚಿಸಿದ್ದಾರೆ. ಏರಿದ ವೆಚ್ಚವನ್ನು ಯಾರು, ಯಾವಾಗ, ಯಾರ ಸಮ್ಮುಖದಲ್ಲಿ ಪರಿಶೀಲಿಸಿದರು ಎಂಬ ಪ್ರಶ್ನೆಗೆ ಅಷ್ಟು ಗಮನ ದೊರೆತಿಲ್ಲ. ಈ ಎರಡನೆಯ ಪ್ರಶ್ನೆಯನ್ನು ಉತ್ತರ ಕನ್ನಡದ ಅನುಭವದ ಹಿನ್ನೆಲೆಯಲ್ಲಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಪರಿಶೀಲನೆಯ ವ್ಯವಸ್ಥೆ ಕಾಲದಿಂದ ಕಾಲಕ್ಕೆ ಬದಲಾಗಿದೆ. ಆದರೆ ವೆಚ್ಚದ ಎಲ್ಲ ಬಾಬುಗಳನ್ನೂ ಒಂದೇ ಕಡೆ ಇಟ್ಟು ನೋಡುವ ವೇದಿಕೆ ಇಂದಿಗೂ ರೂಪುಗೊಂಡಿಲ್ಲವೆಂಬುದು ಈ ಚರಿತ್ರೆಯಿಂದ ತಿಳಿದುಬರುವ ಮುಖ್ಯ ಸಂಗತಿ.

2

ಶರಾವತಿಯಿಂದ ವಿದ್ಯುತ್ ಪಡೆಯುವ ಮೊದಲ ದೊಡ್ಡ ಕಾಮಗಾರಿ ಜೋಗದಲ್ಲಿ 1939ರಲ್ಲಿ ಆರಂಭವಾಯಿತು. ಎರಡನೆಯ ಮಹಾಯುದ್ಧದ ಕಾರಣದಿಂದ ವಿದೇಶಿ ಯಂತ್ರೋಪಕರಣಗಳು ದೊರೆಯುವುದು ಕಷ್ಟವಾಗಿ ಕೆಲಸ ನಿಧಾನವಾಯಿತು. ಕೊನೆಗೆ 1948ರಲ್ಲಿ ವಿದ್ಯುದಾಗಾರ ಕಾರ್ಯಾರಂಭ ಮಾಡಿತು. ಇದೇ ಮುಂದೆ ಮಹಾತ್ಮ ಗಾಂಧಿ ಜಲವಿದ್ಯುತ್ ಕೇಂದ್ರವೆಂದು ಹೆಸರಾಯಿತು. ಮೊದಲ ಹಂತದಲ್ಲಿ 48, ಎರಡನೆಯ ಹಂತದಲ್ಲಿ 72, ಒಟ್ಟು 120 ಮೆಗಾವ್ಯಾಟ್ ಇದರ ಸಾಮರ್ಥ್ಯವಾಗಿತ್ತು.

ಇಲ್ಲಿ ಒಂದು ರಾಜಕೀಯ ಸಂಗತಿಯನ್ನು ಗಮನಿಸಬೇಕು. ಯೋಜನೆ ಮೈಸೂರು ಸಂಸ್ಥಾನದ್ದು. ಜಲಪಾತದ ಕೆಳಗಿನ ಕಣಿವೆ, ಅಂದರೆ ಇಂದಿನ ಹೊನ್ನಾವರ ತಾಲ್ಲೂಕು, ಆಗ ಮುಂಬಯಿ ಪ್ರಾಂತದಲ್ಲಿತ್ತು. ಯೋಜನೆಯ ಖರ್ಚುವೆಚ್ಚದ ಬಗ್ಗೆ ಪ್ರಶ್ನೆ ಕೇಳುವ ಅವಕಾಶವಿದ್ದದ್ದು ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ. ಕೆಳದಂಡೆಯವರಿಗೆ ಆ ಸಭೆಯಲ್ಲಿ ಸ್ಥಾನವಿರಲಿಲ್ಲ. ನದಿ ಒಂದೇ ಆಗಿದ್ದರೂ ಅದರ ಲೆಕ್ಕ ಕೇಳುವವರು ಬೇರೆಯಾಗಿದ್ದರು. 1956ರ ಏಕೀಕರಣದ ನಂತರವೇ ಮೇಲ್ಕಣಿವೆ ಮತ್ತು ಕೆಳಕಣಿವೆ ಒಂದೇ ರಾಜ್ಯದ ಆಡಳಿತಕ್ಕೆ ಸೇರಿದವು.

ಏಕೀಕರಣದ ಬಳಿಕ ಶರಾವತಿ ಕಣಿವೆ ಯೋಜನೆ ಕೈಗೂಡಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಹಂತಹಂತವಾಗಿ ಹತ್ತು ಘಟಕಗಳು ಸ್ಥಾಪನೆಯಾಗಿ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್‌ಗೆ ಏರಿತು. ನಾಡಿಗೆ ದಶಕಗಳ ಕಾಲ ಅಗ್ಗದ ವಿದ್ಯುತ್ ದೊರೆತದ್ದು ಇದರಿಂದಲೇ. ಈ ಅಗ್ಗದ ಬೆಲೆಯ ಅರ್ಥವೇನೆಂಬುದನ್ನು ಮಾತ್ರ ಬಿಡಿಸಿ ನೋಡಬೇಕಾಗಿದೆ. 300 ಚದರ ಕಿಲೋಮೀಟರಿಗೂ ಮಿಕ್ಕಿದ ಪ್ರದೇಶ ಜಲಾಶಯದಲ್ಲಿ ಮುಳುಗಿತು. ಸಾಗರ, ಹೊಸನಗರ ಭಾಗದ ಹಳ್ಳಿಗಳು ಚದುರಿದವು. ಅಣೆಕಟ್ಟಿನ ಕಾಮಗಾರಿಯ ಲೆಕ್ಕ ಅಂದಿಗೇ ಮುಗಿಯಿತು. ಆದರೆ ನೆಲೆ ಕಳೆದುಕೊಂಡವರಲ್ಲಿ ಅನೇಕ ಕುಟುಂಬಗಳ ಹಕ್ಕುಪತ್ರದ ಪ್ರಶ್ನೆ ಅರ್ಧಶತಮಾನ ಕಳೆದರೂ ಮುಗಿಯಲಿಲ್ಲ. ಈ ಸೀಮೆಯ ಮಾತಿನಲ್ಲಿ ‘ಮುಳುಗಡೆ’ ಎಂಬುದು ಒಂದು ಘಟನೆಯ ಹೆಸರಾಗಿ ಮಾತ್ರ ಉಳಿಯದೆ ಜನರನ್ನು ಗುರುತಿಸುವ ಪದವೂ ಆಗಿದೆ. ಸರ್ಕಾರಿ ಕಡತದಲ್ಲಿ ಮುಕ್ತಾಯಗೊಂಡ ವೆಚ್ಚವು ಜನರ ಬದುಕಿನಲ್ಲಿ ಬಾಕಿಯಾಗಿ ಮುಂದುವರಿದುದಕ್ಕೆ ಈ ಪದವೇ ಸಾಕ್ಷಿ.

ಆ ಕಾಲದಲ್ಲಿ ವೆಚ್ಚದ ಪರಿಶೀಲನೆ ಸರ್ಕಾರದ ಒಳಗಿನ ಕೆಲಸವಾಗಿತ್ತು. ಯೋಜನಾ ಆಯೋಗ, ಕೇಂದ್ರ ವಿದ್ಯುತ್ ಪ್ರಾಧಿಕಾರ, ರಾಜ್ಯದ ಹಣಕಾಸು ಇಲಾಖೆ, ಶಾಸನಸಭೆಯ ಸಮಿತಿಗಳು ತಮ್ಮ ತಮ್ಮ ಮಟ್ಟದಲ್ಲಿ ಅದನ್ನು ನೋಡುತ್ತಿದ್ದವು. ಬಳಕೆದಾರ ಎದ್ದು ನಿಂತು ಪ್ರಶ್ನಿಸುವ ವ್ಯವಸ್ಥೆ ಇರಲಿಲ್ಲ.

3

ನಿರ್ಮಾಣ ವೆಚ್ಚ ಅಂದಾಜನ್ನು ಮೀರಿದುದಕ್ಕೆ ಜಿಲ್ಲೆಯಲ್ಲಿ ದೊರೆಯುವ ಅತ್ಯಂತ ಸ್ಪಷ್ಟ ನಿದರ್ಶನ ಶರಾವತಿಯ ದಂಡೆಯದಲ್ಲ, ಕಾಳಿ ನದಿಯ ದಂಡೆಯದು. ಕಾರವಾರ ತಾಲ್ಲೂಕಿನ ಕೈಗಾದಲ್ಲಿ ತಲಾ 220 ಮೆಗಾವ್ಯಾಟ್ ಸಾಮರ್ಥ್ಯದ ಎರಡು ಭಾರಜಲ ಸ್ಥಾವರಗಳ ನಿರ್ಮಾಣ 1989ರಲ್ಲಿ ಆರಂಭವಾಯಿತು. ಅದನ್ನು ಕೈಗೊಂಡ ಭಾರತೀಯ ಅಣುವಿದ್ಯುತ್ ನಿಗಮವು 1987ರಲ್ಲಿ ಸ್ಥಾಪಿತವಾಗಿತ್ತು. ಸರ್ಕಾರದ ಅನುದಾನದ ಜೊತೆಗೆ ಮಾರುಕಟ್ಟೆಯಿಂದಲೂ ಸಾಲ ಎತ್ತುವುದು ಈ ನಿಗಮದ ಕ್ರಮವಾಗಿತ್ತು.

ಯೋಜನೆಗೆ ಪ್ರಬಲ ವಿರೋಧವೂ ಇತ್ತು. ಕೋಟ ಶಿವರಾಮ ಕಾರಂತರು ಆ ವಿರೋಧದ ಮುಂಚೂಣಿಯಲ್ಲಿದ್ದರು. 1989ರ ಲೋಕಸಭಾ ಚುನಾವಣೆಯಲ್ಲಿ ಅವರು ಇದೇ ಜಿಲ್ಲೆಯ ಕ್ಷೇತ್ರದಿಂದ ಸ್ಪರ್ಧಿಸಿ ಪರಿಸರದ ಪ್ರಶ್ನೆಯನ್ನು ಮತದಾರರ ಮುಂದಿಟ್ಟರು, ಗೆಲ್ಲಲಿಲ್ಲ. ಅಂದಿನ ಚರ್ಚೆ ಮುಖ್ಯವಾಗಿ ಸುರಕ್ಷತೆ ಮತ್ತು ಅರಣ್ಯವನ್ನು ಕುರಿತದ್ದಾಗಿತ್ತು. ವಿದ್ಯುತ್ತಿನ ಅಗತ್ಯ ಮತ್ತು ವೆಚ್ಚದ ಪ್ರಶ್ನೆಯನ್ನು ವ್ಯವಸ್ಥಿತವಾಗಿ ಎತ್ತಿದವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿ ಮತ್ತು ಅವರ ಸಹೋದ್ಯೋಗಿಗಳು. 1987ರಲ್ಲಿ ರಾಜ್ಯದ ಸಮಿತಿಯೊಂದು ಮುಂದಿನ ಬೇಡಿಕೆಯನ್ನು ಅಂದಾಜಿಸಿತ್ತು. ಅದಕ್ಕೆ ಪರ್ಯಾಯವಾಗಿ, ದಕ್ಷ ಬಳಕೆಯಿಂದ ಕಡಿಮೆ ಸ್ಥಾವರಗಳಲ್ಲಿಯೇ ಕರ್ನಾಟಕದ ಅಗತ್ಯವನ್ನು ಪೂರೈಸಬಹುದೆಂಬ ಚಿತ್ರವನ್ನು ರೆಡ್ಡಿಯವರ ತಂಡ 1991ರಲ್ಲಿ ಪ್ರಕಟಿಸಿತು.

1994ರ ಮೇ 13ರಂದು ಕೈಗಾದ ಒಂದನೆಯ ಘಟಕದಲ್ಲಿ ನಿರ್ಮಾಣದ ಹಂತದಲ್ಲಿದ್ದ ಒಳಗುಮ್ಮಟದ ಕಾಂಕ್ರೀಟ್ ಪದರ ಕಳಚಿ ಬಿದ್ದಿತು. ಬಿದ್ದದ್ದು ಸುಮಾರು 130 ಟನ್ ಕಾಂಕ್ರೀಟ್. ಕಾರ್ಮಿಕರು ಗಾಯಗೊಂಡರು. ಸ್ಥಾವರದೊಳಗೆ ಆಗ ಇಂಧನ ಇರಲಿಲ್ಲವಾದ ಕಾರಣ ವಿಕಿರಣದ ಅಪಾಯ ಉಂಟಾಗಲಿಲ್ಲ. ಅಪಘಾತದಲ್ಲಿ ಏನೂ ತಪ್ಪಿಹೋಯಿತೆಂದು ಸಮಾಧಾನಪಡುವಂತಿರಲಿಲ್ಲ. ಏಕೆಂದರೆ ಅಪಾಯದ ಸಂದರ್ಭದಲ್ಲಿ ವಿಕಿರಣವನ್ನು ಒಳಗೇ ತಡೆದಿಡಬೇಕಾದದ್ದು ಇದೇ ಗುಮ್ಮಟ. ಅಣುಶಕ್ತಿ ನಿಯಂತ್ರಣ ಮಂಡಳಿ ಕಾರಣಗಳನ್ನು ಪರಿಶೀಲಿಸಿತು. ಗುಮ್ಮಟವನ್ನು ಹೊಸದಾಗಿ ವಿನ್ಯಾಸಗೊಳಿಸಿ, ಹೆಚ್ಚಿನ ಬಲವರ್ಧನೆಯೊಂದಿಗೆ ಮತ್ತೆ ಕಟ್ಟಲಾಯಿತು. ಎರಡನೆಯ ಘಟಕ 2000ದ ಮಾರ್ಚ್‌ನಲ್ಲಿಯೂ ಒಂದನೆಯ ಘಟಕ ಅದೇ ವರ್ಷದ ನವೆಂಬರಿನಲ್ಲಿಯೂ ವಾಣಿಜ್ಯ ಉತ್ಪಾದನೆ ಆರಂಭಿಸಿದವು.

ಈ ಎರಡು ಘಟಕಗಳಿಗೆ ಮೊದಲು ಮಂಜೂರಾದ ಮೊತ್ತ 730.72 ಕೋಟಿ ರೂಪಾಯಿ. ಪೂರ್ಣಗೊಂಡಾಗ ಅದು 2,896 ಕೋಟಿಯಾಗಿತ್ತು. ಅಂದರೆ ಸುಮಾರು ನಾಲ್ಕು ಪಟ್ಟು. ಮೆಗಾವ್ಯಾಟ್ ಒಂದಕ್ಕೆ ಲೆಕ್ಕ ಹಾಕಿದರೆ ಸುಮಾರು 6.6 ಕೋಟಿ ರೂಪಾಯಿ ಆಗುತ್ತದೆ.

ಈ ಏರಿಕೆಯಲ್ಲಿ ಬೆಲೆಯೇರಿಕೆ, ವಿನ್ಯಾಸದ ಬದಲಾವಣೆ ಮತ್ತು ವಿಳಂಬ ಸೇರಿವೆ. ವಿಳಂಬವು ವೆಚ್ಚವಾಗುವ ಬಗೆಯನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. 100 ಕೋಟಿಯನ್ನು ಶೇಕಡ 10ರ ಚಕ್ರಬಡ್ಡಿಗೆ ತಂದು, ಸ್ಥಾವರ ಐದು ವರ್ಷದಲ್ಲಿ ಮುಗಿದರೆ ಸಾಲ 161 ಕೋಟಿಯಾಗುತ್ತದೆ. ಹತ್ತು ವರ್ಷ ಹಿಡಿದರೆ 259 ಕೋಟಿಯಾಗುತ್ತದೆ. ಒಂದು ಇಟ್ಟಿಗೆಯೂ ಹೆಚ್ಚಾಗಿರುವುದಿಲ್ಲ. ಇದನ್ನೇ ನಿರ್ಮಾಣ ಕಾಲದ ಬಡ್ಡಿ ಎನ್ನುತ್ತಾರೆ. ಇದು ಸ್ಥಾವರದ ಬಂಡವಾಳ ವೆಚ್ಚಕ್ಕೆ ಸೇರಿ, ಅಲ್ಲಿಂದ ವಿದ್ಯುತ್ತಿನ ದರಕ್ಕೆ ಇಳಿಯುತ್ತದೆ.

ವೆಚ್ಚ ಏರಲೇಬೇಕೆಂಬ ನಿಯಮವೇನೂ ಇಲ್ಲ ಎಂಬುದಕ್ಕೂ ಕೈಗಾದಲ್ಲಿಯೇ ಉದಾಹರಣೆಯಿದೆ. 2002ರಲ್ಲಿ ಆರಂಭವಾದ ಮೂರನೆಯ ಮತ್ತು ನಾಲ್ಕನೆಯ ಘಟಕಗಳಿಗೆ 4,213 ಕೋಟಿ ಮಂಜೂರಾಗಿತ್ತು, ಪರಿಷ್ಕೃತ ಅಂದಾಜು 3,282 ಕೋಟಿಗೆ ಇಳಿಯಿತು. ಮೂರನೆಯ ಘಟಕ ಐದು ವರ್ಷಗಳಲ್ಲಿಯೇ, ಅಂದರೆ 2007ರಲ್ಲಿ, ಉತ್ಪಾದನೆ ಆರಂಭಿಸಿತು. ನಾಲ್ಕನೆಯದು ಇಂಧನದ ಕೊರತೆಯಿಂದ ಕಾದು 2011ರಲ್ಲಿ ಆರಂಭವಾಯಿತು.

4

ಕೈಗಾದ ಮೊದಲ ಎರಡು ಘಟಕಗಳ ವೆಚ್ಚವನ್ನು ಪರಿಶೀಲಿಸಿದವರು ಯಾರು ಎಂಬುದು ಮುಂದಿನ ಪ್ರಶ್ನೆ. ಹೆಚ್ಚುವರಿ ಮೊತ್ತಕ್ಕೆ ಮಂಜೂರಾತಿ ನೀಡಿದ್ದು ಕೇಂದ್ರ ಸರ್ಕಾರ. ಲೆಕ್ಕಪರಿಶೋಧನೆ ಮಹಾಲೇಖಪಾಲರದು. ಲೆಕ್ಕಪರಿಶೋಧನೆಯ ಸ್ವಭಾವವೇ ಹಿಂತಿರುಗಿ ನೋಡುವುದು. ಆಗಿಹೋದ ಖರ್ಚಿನ ದೋಷವನ್ನು ಅದು ಹೇಳಬಲ್ಲುದು, ಆ ಖರ್ಚು ಬಳಕೆದಾರನ ಬಿಲ್ಲಿಗೆ ಸೇರದಂತೆ ತಡೆಯಲಾರದು.

ತಡೆಯುವ ಅಧಿಕಾರ ಇರಬೇಕಾದದ್ದು ದರ ನಿಗದಿ ಮಾಡುವ ಸಂಸ್ಥೆಗೆ. ಆದರೆ 1962ರ ಅಣುಶಕ್ತಿ ಕಾಯ್ದೆಯ 22ನೆಯ ಪ್ರಕರಣದ ಅನ್ವಯ ಅಣುವಿದ್ಯುತ್ತಿನ ದರವನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರದೊಡನೆ ಸಮಾಲೋಚಿಸಿ ಕೇಂದ್ರ ಸರ್ಕಾರವೇ, ಅಂದರೆ ಅಣುಶಕ್ತಿ ಇಲಾಖೆಯೇ, ನಿಗದಿಪಡಿಸುತ್ತಿತ್ತು. ಕಟ್ಟುವ ನಿಗಮವೂ ಇದೇ ಇಲಾಖೆಯ ಅಧೀನದಲ್ಲಿತ್ತು. ಸುರಕ್ಷತೆಯನ್ನು ನೋಡುವ ನಿಯಂತ್ರಣ ಮಂಡಳಿ 1983ರಲ್ಲಿ ಸ್ಥಾಪಿತವಾಗಿ ಅಣುಶಕ್ತಿ ಆಯೋಗಕ್ಕೆ ಉತ್ತರದಾಯಿಯಾಗಿತ್ತು. 1998ರಲ್ಲಿ ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ರಚನೆಯಾದ ಮೇಲೂ ಈ ಸ್ಥಿತಿ ಬದಲಾಗಲಿಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 173ನೆಯ ಪ್ರಕರಣ ಅಣುಶಕ್ತಿ ಕಾಯ್ದೆಗೇ ಮೇಲ್ಮೆಯನ್ನು ನೀಡಿತು. 2025ರ ಡಿಸೆಂಬರಿನಲ್ಲಿ ಸಂಸತ್ತು ಹೊಸ ಶಾಸನದ ಮೂಲಕ 1962ರ ಕಾಯ್ದೆಯನ್ನು ರದ್ದುಗೊಳಿಸುವವರೆಗೆ ಈ ಚೌಕಟ್ಟು ಉಳಿದಿತ್ತು.

ಇದರ ಫಲವಾಗಿ ಒಂದು ಸಹಜ ಪ್ರಶ್ನೆಯನ್ನು ಯಾರೂ ಅಧಿಕೃತವಾಗಿ ಕೇಳುವಂತಿರಲಿಲ್ಲ. ಗುಮ್ಮಟ ಬಿದ್ದುದರಿಂದಾದ ವಿಳಂಬ ಮತ್ತು ಅದರ ಬಡ್ಡಿಯನ್ನು ಹೊರಬೇಕಾದವರು ವಿನ್ಯಾಸ ಮಾಡಿದವರೋ, ಕಟ್ಟಿದವರೋ, ಸರ್ಕಾರವೋ ಅಥವಾ ದೀಪ ಉರಿಸುವವರೋ? ಇಂತಹ ಪ್ರಶ್ನೆ ವಿಚಾರಣೆಗೆ ಬರಬಹುದಾದ ಸಾರ್ವಜನಿಕ ವೇದಿಕೆ ಇರಲಿಲ್ಲ. ಅದರ ಬದಲಿಗೆ ನಡೆದದ್ದು ವಿದ್ವಾಂಸರ ಪರಿಶೀಲನೆ. ಎಂ.ವಿ. ರಮಣ, ಆಂಟೊನೆಟ್ ಡಿಸಾ ಮತ್ತು ಅಮೂಲ್ಯ ರೆಡ್ಡಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೈಗಾದ ವಿದ್ಯುತ್ತನ್ನು ರಾಯಚೂರು ಶಾಖೋತ್ಪನ್ನ ಸ್ಥಾವರದ ಏಳನೆಯ ಘಟಕದ ವಿದ್ಯುತ್ತಿನೊಡನೆ ಹೋಲಿಸಿದರು. ಬಂಡವಾಳಕ್ಕೆ ವಾಸ್ತವಿಕ ಬಡ್ಡಿಯ ದರವನ್ನು ಹಿಡಿದರೆ ಅಣುವಿದ್ಯುತ್ ಹೆಚ್ಚು ದುಬಾರಿ ಎಂಬುದು ಅವರ ತೀರ್ಮಾನವಾಗಿತ್ತು. ಇದಕ್ಕೆ ಭಿನ್ನಾಭಿಪ್ರಾಯ ಇರಬಹುದು. ಆದರೆ ಆಯೋಗವೊಂದರ ಮುಂದೆ ನಡೆಯಬೇಕಾಗಿದ್ದ ವಾದ ಸಂಶೋಧನ ಪತ್ರಿಕೆಯ ಪುಟಗಳಲ್ಲಿ ನಡೆಯಿತೆಂಬುದು ಗಮನಾರ್ಹ.

5

ಜಲವಿದ್ಯುತ್ತಿನ ವಿಷಯದಲ್ಲಿ ಪರಿಸ್ಥಿತಿ ಬೇರೆ ದಾರಿ ಹಿಡಿಯಿತು. 1970ರಲ್ಲಿ ಸ್ಥಾಪನೆಯಾದ ಇಂದಿನ ಕರ್ನಾಟಕ ವಿದ್ಯುತ್ ನಿಗಮವು ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆಯಲ್ಲಿ ಶರಾವತಿಯ ಕೊನೆಯ ಅಣೆಕಟ್ಟನ್ನು ಕಟ್ಟಿತು. ಮೇಲಿನ ವಿದ್ಯುದಾಗಾರದಿಂದ ಹೊರಬರುವ ನೀರನ್ನೇ ಮತ್ತೊಮ್ಮೆ ಬಳಸುವ, ತಲಾ 60 ಮೆಗಾವ್ಯಾಟ್‌ನ ನಾಲ್ಕು ಘಟಕಗಳ ಈ ಸ್ಥಾವರ 2001-02ರ ಸುಮಾರಿಗೆ ಉತ್ಪಾದನೆಗೆ ತೊಡಗಿತು. ಇದೇ ಹೊತ್ತಿಗೆ, 1999ರ ರಾಜ್ಯ ಕಾಯ್ದೆಯ ಅನ್ವಯ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ರಚನೆಯಾಗಿತ್ತು.

ಆಯೋಗದ ಕಾರ್ಯವಿಧಾನವನ್ನು ಸ್ಥೂಲವಾಗಿ ಹೀಗೆ ವಿವರಿಸಬಹುದು. ಉತ್ಪಾದಕ ಸಂಸ್ಥೆ ತನ್ನ ಬಂಡವಾಳ ವೆಚ್ಚವನ್ನು ದಾಖಲೆಗಳೊಂದಿಗೆ ಮುಂದಿಡಬೇಕು. ಆ ವೆಚ್ಚ ವಿವೇಕಯುತವೇ, ವಿಳಂಬಕ್ಕೆ ಸಂಸ್ಥೆಯೇ ಹೊಣೆಯೇ, ಬಡ್ಡಿಯ ಎಷ್ಟು ಭಾಗವನ್ನು ಒಪ್ಪಬಹುದು ಎಂಬುದನ್ನು ಆಯೋಗ ನೋಡುತ್ತದೆ. ಒಪ್ಪದ ಮೊತ್ತ ದರಕ್ಕೆ ಸೇರುವುದಿಲ್ಲ. ಅದನ್ನು ಸಂಸ್ಥೆಯೇ ಭರಿಸಬೇಕು. ವಿತರಣಾ ಕಂಪನಿಗಳ ದರದ ಬಗ್ಗೆ ಬಳಕೆದಾರರು ಆಕ್ಷೇಪಣೆ ಸಲ್ಲಿಸಬಹುದು, ವಿಚಾರಣೆಯಲ್ಲಿ ಮಾತನಾಡಬಹುದು. ತಾತ್ವಿಕವಾಗಿ ಇದು ದೊಡ್ಡ ಬದಲಾವಣೆ. ಪರಿಶೀಲನೆ ಮೊದಲ ಬಾರಿಗೆ ಸರ್ಕಾರದ ಕೊಠಡಿಯಿಂದ ಹೊರಗೆ ಬಂದಿತು.

ಆದರೂ ಆಯೋಗದ ಮುಂದೆ ಬರುವುದು ಯಾರಾದರೊಬ್ಬರು ಹಣ ಪಾವತಿಸಿದ ವೆಚ್ಚ ಮಾತ್ರ. ರಸೀದಿ ಇಲ್ಲದ ವೆಚ್ಚಕ್ಕೆ ಅಲ್ಲಿ ಕಾಲಂ ಇಲ್ಲ. ಇದಕ್ಕೆ ಹೊನ್ನಾವರ ಮತ್ತು ಕುಮಟಾದ ಎರಡು ಅಳಿವೆಗಳ ಹೋಲಿಕೆ ಉತ್ತಮ ದೃಷ್ಟಾಂತ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಅಲ್ಲಿ ಉಬ್ಬರ ಇಳಿತಕ್ಕೆ ತಕ್ಕಂತೆ ಉಪ್ಪುನೀರು ಮತ್ತು ಸಿಹಿನೀರು ಬೆರೆಯುತ್ತವೆ. ಗಜನಿ ಗದ್ದೆಗಳಲ್ಲಿ ಉಪ್ಪನ್ನು ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಚಿಪ್ಪಿಕಲ್ಲು ಹೆಕ್ಕುವುದು ಸಾವಿರಾರು ಕುಟುಂಬಗಳ, ಅದರಲ್ಲೂ ಹೆಂಗಸರ, ಜೀವನೋಪಾಯವಾಗಿದೆ. ಶರಾವತಿಯಲ್ಲಾದರೋ ವಿದ್ಯುದಾಗಾರಗಳಿಂದ ವರ್ಷವಿಡೀ ಹೊರಬೀಳುವ ಸಿಹಿನೀರಿನಿಂದ ಅಳಿವೆಯ ಲವಣಾಂಶ ಇಳಿದು ಚಿಪ್ಪುಜೀವಿಗಳ ವೈವಿಧ್ಯ ಕುಗ್ಗಿರುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳ ಅಧ್ಯಯನಗಳು ದಾಖಲಿಸಿವೆ. ಹೊನ್ನಾವರದ ದಂಡೆಯಲ್ಲಿ ಬುಟ್ಟಿ ಖಾಲಿಯಾಗಿ ಮರಳಿದ ಹೆಂಗಸಿನ ನಷ್ಟವೂ ಶರಾವತಿಯ ವಿದ್ಯುತ್ತಿನ ವೆಚ್ಚವೇ. ಆದರೆ ಅದು ಯಾವ ಅಂದಾಜು ಪಟ್ಟಿಯಲ್ಲಿಯೂ ಬರಲಿಲ್ಲ, ಆದಕಾರಣ ಅದು ಏರಿತೆಂದು ಯಾವ ಪರಿಶೀಲನೆಯೂ ಹೇಳಲಿಲ್ಲ.

6

ಪರಿಶೀಲನೆ ಮೊದಲೇ ನಡೆದರೆ ಪರಿಣಾಮ ಬೇರೆಯಾಗಬಹುದೆಂಬುದನ್ನು ತದಡಿಯ ಪ್ರಕರಣ ತೋರಿಸುತ್ತದೆ. ಅಘನಾಶಿನಿಯ ಅಳಿವೆಯ ದಂಡೆಯಲ್ಲಿ 4,000 ಮೆಗಾವ್ಯಾಟ್‌ನ ಬೃಹತ್ ಕಲ್ಲಿದ್ದಲು ಸ್ಥಾವರವನ್ನು ಸ್ಥಾಪಿಸುವ ಪ್ರಸ್ತಾವ 2000ದ ದಶಕದ ಮಧ್ಯಭಾಗದಲ್ಲಿ ಬಂದಿತು. ಮೀನುಗಾರರೂ ರೈತರೂ ವಿರೋಧಿಸಿದರು. ಅಳಿವೆಯಿಂದ ಜನರಿಗೆ ದೊರೆಯುವ ಆದಾಯವನ್ನು ವಿಜ್ಞಾನಿಗಳು ಲೆಕ್ಕ ಹಾಕಿ ಮುಂದಿಟ್ಟರು. ಕೊನೆಗೆ ಪ್ರಸ್ತಾವ ಕೈಬಿಟ್ಟುಹೋಯಿತು. 2024ರ ಜನವರಿಯಲ್ಲಿ ಇದೇ ಅಳಿವೆ ರಾಮ್ಸರ್ ತಾಣವಾಗಿ ಘೋಷಿತವಾಯಿತು.

ಈಗ ಪ್ರಶ್ನೆ ಮತ್ತೆ ಶರಾವತಿಗೆ ಬಂದಿದೆ. ತಲಕಳಲೆ ಜಲಾಶಯವನ್ನು ಮೇಲಿನ ಕೊಳವಾಗಿಯೂ ಗೇರುಸೊಪ್ಪೆ ಜಲಾಶಯವನ್ನು ಕೆಳಗಿನ ಕೊಳವಾಗಿಯೂ ಬಳಸುವ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ವಿದ್ಯುತ್ ನಿಗಮ ರೂಪಿಸಿದೆ. ವಿದ್ಯುತ್ ಹೆಚ್ಚಾಗಿರುವ ಹೊತ್ತಿನಲ್ಲಿ ನೀರನ್ನು ಮೇಲಕ್ಕೆತ್ತಿ, ಬೇಡಿಕೆಯ ಹೊತ್ತಿನಲ್ಲಿ ಕೆಳಗೆ ಬಿಟ್ಟು ವಿದ್ಯುತ್ ಪಡೆಯುವುದು ಇದರ ಕ್ರಮ. ಎತ್ತಲು ತಗಲುವ ವಿದ್ಯುತ್ ಮರಳಿ ದೊರೆಯುವುದಕ್ಕಿಂತ ಹೆಚ್ಚು. ಯೋಜನೆಯ ಪ್ರದೇಶ 2019ರಲ್ಲಿ ಘೋಷಿತವಾದ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿದೆ. ಆರಂಭದ ದಾಖಲೆಗಳಲ್ಲಿ 5,000 ಕೋಟಿ ರೂಪಾಯಿಗಳ ಆಸುಪಾಸಿನಲ್ಲಿದ್ದ ಅಂದಾಜು 2025ರ ವೇಳೆಗೆ 10,000 ಕೋಟಿಯನ್ನು ದಾಟಿತ್ತು. ಸುರಂಗ ಕೊರೆಯುವ ಮೊದಲೇ ವೆಚ್ಚ ಇಮ್ಮಡಿಯಾಯಿತು ಎಂಬುದು ಇಲ್ಲಿನ ವಿಶೇಷ.

ಇದರ ಪರಿಶೀಲನೆ ಮೂರು ಕಡೆ ಹಂಚಿಹೋಗಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರವು ತಾಂತ್ರಿಕ ಮತ್ತು ಆರ್ಥಿಕ ದೃಷ್ಟಿಯಿಂದ ಯೋಜನೆಯನ್ನು ನೋಡಿ 2024-25ರಲ್ಲಿ ಸಮ್ಮತಿ ನೀಡಿತು. ಅಲ್ಲಿ ಕಣಿವೆಯ ಜನ ಇರಲಿಲ್ಲ. ಪರಿಸರ ನಿಯಮದಂತೆ 2025ರ ಸೆಪ್ಟೆಂಬರಿನಲ್ಲಿ ಸಾಗರ ಮತ್ತು ಹೊನ್ನಾವರದ ಕಡೆಗಳಲ್ಲಿ ಸಾರ್ವಜನಿಕ ಅಹವಾಲು ಸಭೆಗಳು ನಡೆದು ತೀವ್ರ ವಿರೋಧ ವ್ಯಕ್ತವಾಯಿತು. ಅಲ್ಲಿ ಜನ ಇದ್ದರು, ಆದರೆ ಯೋಜನೆಯ ವೆಚ್ಚವನ್ನು ಒಪ್ಪುವ ಅಥವಾ ತಿರಸ್ಕರಿಸುವ ಅಧಿಕಾರ ಆ ಸಭೆಗಿರಲಿಲ್ಲ. ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ವೆಚ್ಚವನ್ನು ಕಡಿತ ಮಾಡುವ ಅಧಿಕಾರವಿದೆ. ಆದರೆ ಅಂತಿಮ ಬಂಡವಾಳ ವೆಚ್ಚ ಅದರ ಮುಂದೆ ಬರುವ ಹೊತ್ತಿಗೆ ಸ್ಥಾವರ ಕಟ್ಟಿ ಮುಗಿದಿರುತ್ತದೆ.

7

ಕನ್ನಡ ಜನಪದ ಕಥನಗೀತೆಗಳಲ್ಲಿ ‘ಕೆರೆಗೆ ಹಾರ’ ಪ್ರಸಿದ್ಧವಾದುದು. ಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬರುವುದಿಲ್ಲ. ಬಲಿ ಕೊಡಬೇಕೆಂದು ಶಾಸ್ತ್ರ ಹೇಳುತ್ತದೆ. ಕಿರಿಯ ಸೊಸೆ ಭಾಗೀರಥಿಯನ್ನು ಕೊಡುವುದೆಂದು ಮನೆಯ ಹಿರಿಯರು ನಿರ್ಧರಿಸುತ್ತಾರೆ. ಆ ನಿರ್ಧಾರದಲ್ಲಿ ಅವಳ ಮಾತಿಗೆ ಎಡೆಯಿಲ್ಲ. ಈ ಗೀತೆಯನ್ನು ತ್ಯಾಗದ ಕಥೆಯಾಗಿಯೂ ಹೆಣ್ಣಿನ ಮೇಲಿನ ಕ್ರೌರ್ಯದ ಕಥೆಯಾಗಿಯೂ ವಿದ್ವಾಂಸರು ಓದಿದ್ದಾರೆ. ನೀರಿನ ಕಾಮಗಾರಿಯ ವೆಚ್ಚ ಅಂದಾಜನ್ನು ಮೀರಿದಾಗ ಆ ಹೆಚ್ಚುವರಿ ಭಾರ ಯಾರ ಮೇಲೆ ಬೀಳುತ್ತದೆ ಎಂಬುದರ ಕಥೆಯಾಗಿಯೂ ಅದನ್ನು ಓದಲು ಅವಕಾಶವಿದೆ. ಲೆಕ್ಕ ಹಾಕುವವರ ಮನೆಯಲ್ಲಿಯೇ ಇದ್ದು, ಲೆಕ್ಕದ ಮಾತುಕತೆಯಲ್ಲಿ ಮಾತ್ರ ಇಲ್ಲದವಳ ಮೇಲೆ ಅದು ಬೀಳುತ್ತದೆ. ಜನಪದರು ಭಾಗೀರಥಿಯ ಹೆಸರನ್ನು ಉಳಿಸಿಕೊಂಡರು. ಕೆರೆಗೆ ತಗಲಿದ ಹಣದ ಮೊತ್ತವನ್ನು ಉಳಿಸಿಕೊಳ್ಳಲಿಲ್ಲ. ಸರ್ಕಾರಿ ದಾಖಲೆಗಳ ಕ್ರಮ ಇದಕ್ಕೆ ತದ್ವಿರುದ್ಧ. ಕೈಗಾದ ವೆಚ್ಚ ಪೈಸೆಯವರೆಗೆ ಸಿಗುತ್ತದೆ, ಮುಳುಗಡೆಯಾದ ಮನೆಗಳ ಹೆಸರು ಹುಡುಕಬೇಕಾಗುತ್ತದೆ.

ಇದರಿಂದ ಹಣದ ಪರಿಶೀಲನೆ ಅನಗತ್ಯವೆಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. 730 ಕೋಟಿ 2,896 ಕೋಟಿಯಾದಾಗ ಪ್ರಶ್ನಿಸುವ ಅಧಿಕಾರವುಳ್ಳ ವೇದಿಕೆ ಇದ್ದಿದ್ದರೆ ಬಳಕೆದಾರನ ಹೊರೆಯನ್ನಾದರೂ ವಿಚಾರಿಸಬಹುದಾಗಿತ್ತು. 2017ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಹತ್ತು ಹೊಸ ಅಣುಸ್ಥಾವರಗಳಲ್ಲಿ ಕೈಗಾದ ಐದನೆಯ ಮತ್ತು ಆರನೆಯ ಘಟಕಗಳೂ ಸೇರಿರುವುದರಿಂದ ಈ ಪ್ರಶ್ನೆ ಹಳೆಯದಾಗಿಲ್ಲ. ಹಣದ ಲೆಕ್ಕ, ಅಳಿವೆಯ ಲೆಕ್ಕ ಮತ್ತು ಮುಳುಗಡೆಯ ಲೆಕ್ಕ ಬೇರೆ ಬೇರೆ ಕೊಠಡಿಗಳಲ್ಲಿ ನಡೆಯುವವರೆಗೆ ಒಂದು ಸ್ಥಾವರದ ನಿಜವಾದ ವೆಚ್ಚ ಯಾರಿಗೂ ತಿಳಿಯುವುದಿಲ್ಲ ಎಂಬುದಷ್ಟೇ ಈ ಚರಿತ್ರೆಯ ಸಾರ.

ಸಂಶೋಧಕರಿಗೆ ಇಲ್ಲಿ ಮಾಡಬೇಕಾದ ಕೆಲಸವಿದೆ. ಆಯೋಗದ ಆದೇಶಗಳು, ಲೆಕ್ಕಪರಿಶೋಧನಾ ವರದಿಗಳು, ಅಹವಾಲು ಸಭೆಗಳ ನಡವಳಿಗಳು ಒಂದೆಡೆಯೂ, ಶರಾವತಿ, ಅಘನಾಶಿನಿ ಮತ್ತು ಕಾಳಿ ದಂಡೆಯ ಹಿರಿಯರ ಮೌಖಿಕ ನಿರೂಪಣೆಗಳು ಇನ್ನೊಂದೆಡೆಯೂ ಉಳಿದಿವೆ. ಮೊದಲನೆಯವು ಕಚೇರಿಗಳಲ್ಲಿ ಸುರಕ್ಷಿತವಾಗಿವೆ. ಎರಡನೆಯವನ್ನು ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಲಿಂಗನಮಕ್ಕಿಯ ನೀರು ಏರಿದಾಗ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಎಂಬತ್ತನ್ನು ದಾಟಿದ್ದಾರೆ. ಈ ಎರಡು ಬಗೆಯ ಸಾಮಗ್ರಿಯನ್ನು ಜಿಲ್ಲೆಯ ಗ್ರಂಥಾಲಯಗಳಲ್ಲಿ ಒಂದೇ ಕಪಾಟಿನಲ್ಲಿ ಇಡುವಂತಾದರೆ, ಮುಂದಿನ ಪರಿಶೀಲನೆಗೆ ಕೂರುವವರಿಗೆ ಪೂರ್ಣ ಲೆಕ್ಕ ಕೇಳುವ ಆಧಾರವಾದರೂ ದೊರೆಯುತ್ತದೆ.